ಎಡಗಡೆಯ ಪೆಟ್ಟಿಗೆ

ಬಸ್ಸು ಡಿಪೋ ಗೇಟು ದಾಟುವ ಮೊದಲೇ
ಹೇಳಿಬಿಡುತ್ತೇನೆ: ಇದರ ಎರಡನೇ ನಾಜಲ್ಲು ಕೆಟ್ಟಿದೆ,
ಅದರ ಬೆಲ್ಟು ಸಕಲೇಶಪುರ ಮುಟ್ಟುವುದಿಲ್ಲ.
ಇಪ್ಪತ್ತೊಂಬತ್ತು ವರ್ಷ
ಕಿವಿ ದುಡಿದು ತಂದ ಅನ್ನ ನನ್ನದು.

ಅಂಥವನ ಮನೆಗೆ
ಎರಡು ಪೆಟ್ಟಿಗೆ, ಒಂದು ಕರೀ ಡಬ್ಬ.
ಹಬ್ಬದ ಮುಂಗಡ ಪೂರ್ತಿ ಸುರಿದು ತಂದದ್ದು.
ಕಮಲಾಕ್ಷಿ ಎರಡಕ್ಕೂ ಕುಂಕುಮ ಇಟ್ಟಳು.
ಹನ್ನೊಂದನೇ ದಿನ ಎಡಗಡೆಯದು
ಗಂಟಲಿಗೆ ಮೀನಿನ ಮುಳ್ಳು ಸಿಕ್ಕವರ ಹಾಗೆ
ಕರ್ರೆಂದಿತು. ಆಮೇಲೆ
ಕೊಳಲಿದ್ದ ಕಡೆ ಬರೀ ಉಸಿರು.

ಫೋನು ಮಾಡಿದೆ.
ಕನ್ನಡಕ್ಕೆ ನಾಲ್ಕು ಒತ್ತಿ ಎಂದಿತು.
ಒತ್ತಿದೆ. ಹಿಂದಿ ಬಂತು.
ಕಾಯಿಸುವಾಗಿನ ಸಂಗೀತ ಮಾತ್ರ ಎಷ್ಟು ಶುದ್ಧ!
ಸಾವಿರದಿನ್ನೂರರ ಫೋನಿನಲ್ಲಿ
ಒಂದು ತಂತಿಯೂ ಅಳುಕದ ಪಿಟೀಲು.
ಹದಿನೆಂಟು ಸಾವಿರದ ಪೆಟ್ಟಿಗೆಯ ಪಕ್ಕ ಕೂತು
ಅದನ್ನೇ ಕೇಳಿದೆ, ನಲವತ್ತು ನಿಮಿಷ.

ನಾನು ಅರ್ಪಿತಾ ಅಂದಳೊಬ್ಬಳು.
ಮಾರನೇ ದಿನ ಬೇರೆ ದನಿ, ಅವಳೂ ಅರ್ಪಿತಾ.
ಶುಕ್ರವಾರ ಗಂಡು ದನಿ, ಹೆಸರು ಹೇಳಲಿಲ್ಲ,
ಅರ್ಪಿತಾ ಅಂತಲೇ ಇಟ್ಟುಕೊಂಡೆ.
ಪ್ಲಗ್ಗು ತೆಗೆದು ಹಾಕಿ ಸರ್. ತೆಗೆದು ಹಾಕಿದೆ.
ಮೂವತ್ತು ಎಣಿಸಿ ಸರ್. ಎಣಿಸಿದೆ.
ಪಿನ್‌ಕೋಡ್? ಐದು ಏಳು ಮೂರು ಎರಡು ಸೊನ್ನೆ ಒಂದು.
ಹಾಸನ ಯಾವ ರಾಜ್ಯಕ್ಕೆ ಬರುತ್ತೆ ಸರ್?

ಸಾಲಗಾಮೆ ರಸ್ತೆಯಲ್ಲಿ ನಮ್ಮ ಸೆಂಟರ್ ಇದೆ ಅಂದರು.
ಹೋದರೆ, ಅಲ್ಲಿ ಕೋಳಿಮೊಟ್ಟೆ ಹೋಲ್‌ಸೇಲು.
ಟ್ರೇ ಇಳಿಸುತ್ತಿದ್ದ ಇಮ್ತಿಯಾಜ್ ಸಾಬರು
ನೋಡುತ್ತಲೇ ಅಂದರು:
ಈ ತಿಂಗಳಲ್ಲಿ ನೀವು ಒಂಬತ್ತನೆಯವರು,
ಒಬ್ಬರು ಪೆಟ್ಟಿಗೆ ಇಲ್ಲೇ ಇಟ್ಟು ಬೈದು ಹೋದರು,
ಅದರ ಮೇಲೆ ಈಗ ಬೆಕ್ಕು ಮಲಗುತ್ತೆ.
ಟೀ ತರಿಸಿಕೊಟ್ಟರು.
ಕಂಪನಿಯ ವಿಳಾಸದಲ್ಲಿ ನನಗೆ ಸಿಕ್ಕ ಸೇವೆ ಅದೊಂದೇ.

ಪೆಟ್ಟಿಗೆಯ ಬೆನ್ನಿಗೆ ಉಗುರಗಲ ಚೀಟಿ:
ಬಿಚ್ಚಿದರೆ ವಾರಂಟಿ ಇಲ್ಲ.
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ನಡುರಸ್ತೆಯಲ್ಲಿ ಗೇರ್‌ಬಾಕ್ಸ್ ಇಳಿಸಿದ ಕೈ
ನಾಲ್ಕು ಸ್ಕ್ರೂ ಮುಂದೆ
ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಐದನೇ ಅರ್ಪಿತಾ ಮೆತ್ತಗೆ ಕೇಳಿದಳು:
ಸರ್, ತೊಂದರೆ ನಿಮ್ಮ ಕಡೆ ಇರಬಹುದಾ?

ಆ ರಾತ್ರಿ ಟೀವಿಗೆ ಬೆನ್ನು ಮಾಡಿ ಕೂತೆ.
ಎಡದ್ದು ಬಲಕ್ಕೆ ಬಂತು. ಕರಕರ
ಮುಂಚಿಗಿಂತ ಜೋರು.
ಬಲದ್ದು, ಆ ಗಟ್ಟಿಮುಟ್ಟಾದದ್ದು,
ಎಡಕ್ಕೆ ಬಂದು ಮಂಕಾಯಿತು.

ದೊಡ್ಡಾಸ್ಪತ್ರೆಯಲ್ಲಿ ಗಾಜಿನ ಗೂಡಿಗೆ ಕೂರಿಸಿ
ಕೇಳಿಸಿದಾಗ ಬೆರಳೆತ್ತಿ ಅಂದರು.
ಎಡಗಡೆ ಬಹಳ ಹೊತ್ತು ಬೆರಳು ಏಳಲಿಲ್ಲ.
ಡಾಕ್ಟರಮ್ಮ ಗೆರೆ ತೋರಿಸಿದರು,
ಶಿರಾಡಿ ಇಳಿದ ಹಾಗೆ ಇಳಿದಿತ್ತು.
ಇಂಜಿನ್ನಿಗೆ ಯಾವ ಕಿವಿ ಕೊಡ್ತಿದ್ರಿ?
ಎಡದ್ದು.
ಇದು ರಿಪೇರಿ ಆಗಲ್ಲ, ಅಂದರು.
ಸಿಟ್ಟು ಬರಲಿಲ್ಲ, ನೋಡಿ.
ಎರಡೇ ನಿಮಿಷ, ಮುಖ ನೋಡಿ ಹೇಳಿದರು.
ವಾಪಸು ಬರುವಾಗ ಸ್ಟ್ಯಾಂಡಿನಲ್ಲಿ
ಅರಸೀಕೆರೆ ಗಾಡಿ ಚಾಲೂ ಆಯಿತು,
ತಲೆ ವಾಲಿಸಿ ಬಲಗಿವಿ ಕೊಟ್ಟೆ.

ಹಾಗಂತ ಕರಕರ ಸುಳ್ಳಲ್ಲ.
ಕಮಲಾಕ್ಷಿಗೂ ಕೇಳುತ್ತೆ. ಮೂರು ಮನೆಯಾಚೆಯ ಕುಕ್ಕರು
ಎಷ್ಟನೇ ಸೀಟಿ ಹಾಕಿತೆಂದು ಬಲ್ಲ ಕಿವಿ ಅವಳದು.
ಕೆಟ್ಟಿದ್ದೇವೆ ಇಬ್ಬರೂ, ನಾನು ಮತ್ತು ಪೆಟ್ಟಿಗೆ.
ನನ್ನದನ್ನು ನಾನು ಒಪ್ಪಿದ್ದೇನೆ.

ನಿನ್ನೆ ಮೆಸೇಜು: ನಿಮ್ಮ ದೂರು ಬಗೆಹರಿದಿದೆ.
ನಮಗೆ ಎಷ್ಟು ನಕ್ಷತ್ರ ಕೊಡುತ್ತೀರಿ?
ಹೊರಗೆ ಬಂದು ನೋಡಿದೆ. ಮೋಡ.

ಇವತ್ತು ಮತ್ತೆ ಫೋನು, ಬಲಗಿವಿಗೆ.
ಪಿಟೀಲು ಮುಗಿದು ಹೊಸ ದನಿ, ಹೊಸ ಅರ್ಪಿತಾ,
ಬೆನ್ನ ಹಿಂದೆ ನೂರು ಅರ್ಪಿತಾರ ಗುಜುಗುಜು.
ಸರ್, ನನ್ನ ದನಿ ಕೇಳಿಸ್ತಿದೆಯಾ?
ಕೇಳಿಸ್ತಿದೆ ತಾಯಿ.
ನಿಮ್ಮ ಮೈಕಿನ ವೈರು ಬುಡದಲ್ಲಿ ಸಡಿಲ ಆಗಿದೆ,
ಯಾರಿಗಾದರೂ ಹೇಳಿ
ಸರಿ ಮಾಡಿಸಿಕೊಳ್ಳಿ.