ಕಡಗೋಲು

ಮದುವೆಯಾಗಿ ಬಂದ ಮೂರನೇ ದಿನ
ದಾವಣಗೆರೆ ಹಳೇಪೇಟೆಯ ಈ ಅಡಿಗೆಮನೆಯಲ್ಲಿ ನಿಂತು
"ಎಲ್ಲರಿಗೂ ಹಿಟ್ಟು ಇಕ್ಲಾ?" ಅಂದೆ.
ನಮ್ಮತ್ತೆ ಹಾಲವ್ವ
ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿ
"ಹಸೀದಾ? ಹಂಗೇ ಬುಕ್ಕತಾರಾ ನಿಮ್ಮೂರಾಗೆ?" ಅಂದಳು.

ಪರಶುರಾಂಪುರದ ಕಡೆಯವರು ನಾವು.
ನಮಗೆ ಮುದ್ದೆಯೇ ಹಿಟ್ಟು.
ಇಲ್ಲಿ ಹಿಟ್ಟು ಅಂದರೆ ಬರೀ ಹಿಟ್ಟು,
ಊಟ ಅಂದರೆ ರೊಟ್ಟಿ.

ಅವತ್ತಿಂದ ಶುರು.
ನಾನು ಕಾವಲಿ ಅಂದರೆ ಆಕೆ ಹಂಚು.
ನಾನು ಉದ್ಕ ಅಂದರೆ "ಸಾರು ಅನ್ನೋಕೆ ಬರಲ್ವಾ?"
ನಾನು ಮೊರ ಅಂದರೆ ಆಕೆ ಮರ.
(ಮರ ಹಿತ್ತಲಲ್ಲಿದೆ ಅತ್ತೆ, ಬೇವಿಂದು,
ಅಂತ ಬಾಯಿತನಕ ಬಂದದ್ದನ್ನು ಎಷ್ಟು ಸಲ ನುಂಗಿದೆನೋ.)
"ದುರ್ಗದ ಸೀಮೆಯೋಳು, ಒನಕೆ ಗೊತ್ತಿರಬೇಕಲ್ಲ" ಅಂತ ಚುಚ್ಚೋಳು.
ನಮ್ಮನೆ ಒನಕೆ ಯಾರ ತಲೆಯನ್ನೂ ಒಡೆದದ್ದಲ್ಲ,
ನವಣೆ ಕುಟ್ಟಿ ಕುಟ್ಟಿ ಸವೆದದ್ದು.

ಮಜ್ಜಿಗೆ ಕಡೆಯೋದಕ್ಕೆ "ಮಂತು ಎಲ್ಲಿ?" ಅಂದಾಗಲಂತೂ
ಆಕೆ ಕೂತಲ್ಲೇ ಬಿದ್ದು ನಕ್ಕಳು,
ಪಕ್ಕದ ಮನೆಯ ಗಂಗಕ್ಕನನ್ನು ಗೋಡೆಯಾಚೆಯಿಂದ ಕರೆದು
"ಇನ್ನೊಂದ್ಸಲ ಅನ್ನು ತಿಪ್ಪಮ್ಮ, ಈಕೆ ಕೇಳಲಿ" ಅಂದಳು.
ಆಮೇಲೆ ಒಂದನೇ ಕ್ಲಾಸಿನ ಮೇಷ್ಟ್ರ ಹಾಗೆ:
ಕ. ಡ. ಗೋ. ಲು.

ಇಪ್ಪತ್ತಾರು ವರ್ಷ.
ನನ್ನ ನಾಲಿಗೆ ಅದ್ಯಾವಾಗ ಮಗುಚಿಕೊಂಡಿತೋ,
ತವರಿಗೆ ಹೋದರೆ ಅಲ್ಲಿ ನಗುತ್ತಾರೆ ಈಗ.

ಹೋದ ಕಾರ್ತೀಕದಲ್ಲಿ
ಕರಿಂಡಿಗೆ ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ
ಕೂತಿದ್ದವಳು ಹಾಗೇ ಬಲಕ್ಕೆ ವಾಲಿದಳು.
ಚಿಗಟೇರಿ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ.
ಮನೆಗೆ ಆಕೆ ಬಂದಳು, ಬಲಗೈ ಬರಲಿಲ್ಲ.
ಮಾತೂ ಬರಲಿಲ್ಲ, ಒಂದು ಬಿಟ್ಟು.

ನೀರು ಬೇಕಾದರೆ, ಕಡಗೋಲು.
ಫ್ಯಾನು ಜಾಸ್ತಿಯಾಯಿತು, ಕಡಗೋಲು.
ಮಂಡಿಪೇಟೆಯಿಂದ ಮಗ ತಡವಾಗಿ ಬಂದರೆ
ಹಲ್ಲು ಕಚ್ಚಿ, ಕಡಗೋಲು!
ಹೊತ್ತು ಮುಳುಗುವಾಗ ಯಾಕೋ ಕಣ್ಣು ತುಂಬಿ
ಅದನ್ನೇ ಬಹಳ ಮೆಲ್ಲಗೆ, ಯಾರಿಗೋ.
'ಗೋ' ಎಳೆದರೆ ಹಸಿವು. 'ಲು' ನುಂಗಿದರೆ ಬಚ್ಚಲು.
ಈ ಭಾಷೆ ಕಲಿಯೋಕೆ ನನಗೆ ಎರಡು ತಿಂಗಳು ಸಾಕಾಯಿತು,
ಮೊದಲಿನದಕ್ಕಿಂತ ಸುಲಭ.

ಮಾತು ಕಲಿಸೋ ಹುಡುಗಿ ನಾಜನೀನ್ ಮಂಗಳವಾರ ಬರುತ್ತಾಳೆ,
ಕೈಯಲ್ಲಿ ಚಿತ್ರದ ಕಾರ್ಡು.
ಸೇಬು. ಛತ್ರಿ. ವಿಮಾನ.
ಅತ್ತೆ ವಿಮಾನವನ್ನು ದಿಟ್ಟಿಸಿ ನೋಡಿ
ಬಹಳ ಮರ್ಯಾದೆಯಿಂದ ಹೇಳಿದಳು: ಕಡಗೋಲು.
ಹುಡುಗಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು.
ವಿಮಾನ ಈಕೆಗೆ ಯಾವತ್ತು ಬೇಕಿತ್ತು?

ಅವಳು ಹೋದಮೇಲೆ ಅಟ್ಟ ಹತ್ತಿದೆ.
ಸಿಂಬಿ, ಸೇರು, ಪಾವು, ಚಟಾಕು,
ಮಿರ್ಚಿ ಎತ್ತೋ ಝಾರಿ, ಮುದ್ದೆ ತಿರುವೋ ಕೋಲು,
ಕಿವಿ ಮುರಿದ ರೊಟ್ಟಿ ಹಂಚು,
ಎಲ್ಲಾ ತಂದು ಚಾಪೆ ಮೇಲೆ ಹರವಿದೆ.
ಈಳಿಗೆ ಮಾತ್ರ ಅಲ್ಲೇ ಬಿಟ್ಟೆ.

ಒಂದೊಂದನ್ನೇ ಎಡಗೈಗೆ ಕೊಟ್ಟೆ.
ಸಿಂಬಿಯನ್ನು ಮೂಸಿದಳು, ಕಡಗೋಲು.
ಚಟಾಕನ್ನು ಬಗ್ಗಿಸಿ ಒಳಗೆ ನೋಡಿದಳು, ಕಡಗೋಲು.
ಹಂಚಿನ ಕರಿ ಬೆರಳಿಗೆ ಹತ್ತಿತು,
ಸೆರಗಿಗೆ ಒರೆಸಿಕೊಂಡಳು,
ಬೈದುಕೊಂಡಳು (ಅದೂ ಕಡಗೋಲು).

ಕೊನೆಗೆ ಉಳಿದದ್ದು ಅದೇ.
ಹಗ್ಗ ಸುತ್ತಿ ಸುತ್ತಿ ನಡು ಸವೆದು
ನುಣ್ಣಗೆ ಹೊಳೆಯೋದು.
ಮಡಿಲಲ್ಲಿ ಇಟ್ಟೆ.

ಹೆಬ್ಬೆರಳಿನಿಂದ ಆ ಸವೆದ ಜಾಗ ಸವರಿದಳು.
ಕುಕ್ಕರ್ ಕೂಗಿತು, ಇನ್ನೊಂದು ಸಲ ಕೂಗಿತು, ನಾನು ಏಳಲಿಲ್ಲ.
ನನ್ನ ಮುಖ ನೋಡಿದಳು, ಅದನ್ನು ನೋಡಿದಳು.
ಬಾಯಿಯ ಒಂದು ಪಕ್ಕ ಕಷ್ಟಪಟ್ಟು ತೆರೆದು
ಹೇಳಿದಳು:

ಮಂತು.

"ಅಲ್ಲತ್ತೆ" ಅಂದುಬಿಟ್ಟೆ, ಯೋಚಿಸದೆ,
"ಕಡಗೋಲು ಅನ್ನು. ಕ. ಡ."

ಅರ್ಧ ಮುಖದಲ್ಲಿ ನಕ್ಕಳು.
ಎಡಗೈಯಿಂದ ಗೋಡೆ ತಟ್ಟಿದಳು,
ಒಂದು ಸಲ, ಎರಡು ಸಲ,
ಗಂಗಕ್ಕನನ್ನು ಕರೆಯೋ ಹಾಗೆ.