ಮೂರಾಳು ನೀರಲ್ಲಿ

ಪುಷ್ಯದ ಬೆಳಗು. ಹಿನ್ನೀರ ಮೇಲೆ ಹೊಗೆಯಂಥ ಮಂಜು.
ಬೆನ್ನಿಗೆ ಬಾಡಿಗೆ ಸಿಲಿಂಡರು, ಮುರುಡೇಶ್ವರದಿಂದ ತಂದದ್ದು.
ಬಸ್ತ್ಯಾಂವ್ ಹಗ್ಗ ಹಿಡಿದು ದೋಣಿಯಲ್ಲಿ ಕೂತಿದ್ದಾನೆ:
ಒಂದು ಎಳೆತ, ಇದ್ದೇನೆ. ಎರಡು, ಇನ್ನಷ್ಟು ಬಿಡು.
ಮೂರಕ್ಕೆ ಕೇಳಬೇಡ, ಎತ್ತು.

ಬೇಕಾದ್ದು ಹಿತ್ತಾಳೆಯ ಫ್ಯಾನು, ಅಷ್ಟೆ.
ಲಾಂಚಿನ ಮಾಲೀಕ ಕಿಲೋ ಲೆಕ್ಕದಲ್ಲಿ ಕೊಡುತ್ತಾನೆ.

ಆಳುದ್ದ ಇಳಿದರೆ ಹಸಿರು, ಎರಡಾಳಿಗೆ ಚಹಾದ ಬಣ್ಣ,
ಆಮೇಲೆ ಚಳಿ, ಒಮ್ಮೆಗೇ, ಗೆರೆ ಎಳೆದ ಹಾಗೆ:
ಸೊಂಟದ ಮೇಲೊಂದು ಕಾಲ, ಕೆಳಗೆ ಇನ್ನೊಂದು.
ಹಲ್ಲು ರಬ್ಬರು ಕಚ್ಚಿತು.

ಲಾಂಚು ಸಿಕ್ಕಿತು.
ಒಂದಿಷ್ಟೂ ವಾಲದೆ ಕೂತಿದೆ, ಎಲ್ಲಿ ಗೊತ್ತಾ?
ಮುಳುಗಿದ ಟಾರು ರಸ್ತೆಯ ನಟ್ಟನಡುವೆ.
ಎಡಕ್ಕೆ ಮೈಲಿಗಲ್ಲು; ಪಾಚಿ ಒರೆಸಿದರೆ, ಸಾಗರ ೧೯.
ರಸ್ತೆ ಮುಳುಗಿತೆಂದೇ ಹುಟ್ಟಿದ ಲಾಂಚು
ಕೊನೆಗೆ ಬಸ್ಸಿನ ಜಾಗಕ್ಕೇ ಬಂದು ನಿಂತಿದೆ,
ಹತ್ತುವವರಿಗೆ ಕಾದಂತೆ.

ಹತ್ತಿದೆ.
‘ನಲವತ್ತು ಜನ ಮಾತ್ರ’ ಎಂಬ ಹಲಗೆಯ ಕೆಳಗೆ
ಒಂದು ಮುರುಗೋಡು ಮೀನು ಮೀಸೆ ಅಲ್ಲಾಡಿಸಿ
ಚಿಲ್ಲರೆ ಇಲ್ಲ ಎಂದಂತೆ ತಿರುಗಿತು.
ನಾ ಬಿಟ್ಟ ಉಸಿರೆಲ್ಲ ತಗಡಿನ ಮಾಡಿಗೆ ತಾಗಿ
ಪಾದರಸದ ಹಾಗೆ ಹರಡಿ, ಒಂದಾಗಿ, ನಿಂತಿತು.
ಅದರೊಳಗೆ ನನ್ನ ಮುಖ, ಚಪ್ಪಟೆ.

ಫ್ಯಾನಿಗೆ ಸ್ಪ್ಯಾನರು ಹಾಕಿದೆ. ಬೆರಳಿಗೆ ಬೆರಳು ಗೊತ್ತಿಲ್ಲ.
ನಟ್ಟು ಅಲುಗಲಿಲ್ಲ.
ಗಾಳಿ ಇನ್ನೂ ಇತ್ತು, ಮೈಯಲ್ಲಿ ಬಿಸಿ ಇರಲಿಲ್ಲ.
ಮೂರು ಸಲ ಎಳೆದೆ.

ಬಸ್ತ್ಯಾಂವ್ ಕಂಬಳಿ ಹೊದಿಸಿ, ಬರಿಗೈ ನೋಡಿ ಕೇಳಿದ:
ಏನು, ಸ್ಪ್ಯಾನರೂ ಬಿಟ್ಟು ಬಂದೆಯಾ ಮಾರಾಯ?
ಹೂಂ ಅಂದೆ.
ಮಾಡಿನಡಿ ಇರಬೇಕು ಇನ್ನೂ,
ಅರ್ಧ ಬಕೆಟ್ಟಿನಷ್ಟು ನನ್ನ ಉಸಿರು.