ತೂಕದ ಕಲ್ಲು

ನನ್ನ ಕೆಲಸ ತಕ್ಕಡಿಗಳ ಸುಳ್ಳು ಹಿಡಿಯೋದು.
ತಿಂಗಳಿಗೆ ಏಳೆಂಟು ಊರು, ಕೈಚೀಲದಾಗ
ಐದು ಕಿಲೋದ ಹಿತ್ತಾಳಿ ಕಲ್ಲು.

ಎಲ್ಲಿ ಮನಿ ಮಾಡೋದು?
ವಹಿ ಹಿಂದಿನ ಹಾಳಿಮ್ಯಾಲೆ ಮೂರು ಊರು ಬರದೆ.
ಪುಣೆ: ಎಲ್ಲಿಗೂ ವಿಮಾನ. ಬಾಡಿಗಿ ಕೇಳಿದರ
ಮಾಲಕ ಮೊದಲು ನನ್ನ ಚಪ್ಪಲಿ ನೋಡಿದ.
ಹೈದರಾಬಾದು: ಸೋವಿ ಮನಿಯಿಂದ ನಿಲ್ದಾಣಕ್ಕ ಎರಡು ತಾಸು,
ಅಷ್ಟರಾಗ ವಿಮಾನ ದಿಲ್ಲಿ ಮುಟ್ಟತದ.
ಹುಬ್ಬಳ್ಳಿ: ಉಣಕಲ್ಲಿನಾಗ ಎರಡು ಖೋಲಿ, ಒಂಬತ್ತು ಸಾವಿರ,
ನೀರು ಐದು ದಿನಕ್ಕೊಮ್ಮೆ,
ನನಗ ಬೇಕಾದ ವಿಮಾನವೂ ಹೆಚ್ಚುಕಮ್ಮಿ ಹಂಗ.

ಲೆಕ್ಕ ಪುಣೆ ಕಡೆ ವಾಲಿತು.
ನಾ ಲೆಕ್ಕದಾಕಿ. ಸಾಮಾನು ಕಟ್ಟಲಿಕ್ಕೆ ಹಗ್ಗ ತಂದೆ.

ಮರುದಿನ ಗೋಕುಲ ರೋಡಿನ ನಿಲ್ದಾಣದಾಗ
ಪರದೆಮ್ಯಾಲೆ ನನ್ನ ಕಲ್ಲು ಕರ್ರಗ ಕಂಡಿತು.
ಬ್ಯಾರೆ ಊರಾಗ ಇಷ್ಟಕ್ಕ ಮೂರು ಮಂದಿ ಕೂಡತಾರ,
ಚೀಲ ಬಿಚ್ಚತಾರ, ಪತ್ರ ಕೇಳತಾರ.
ಇಲ್ಲಿ ಕಾನ್‌ಸ್ಟೇಬಲ್ ನೀಲವ್ವ ಹೂಲಿ, ತಲಿ ಎತ್ತಲಾರದ:
"ಕಲ್ಲೇನ್ರಿ ಅಕ್ಕಾರ? ಹೋಗ್ರಿ, ಹೋಗ್ರಿ.
ನಮ್ಮ ಓಣಿ ಕಾಯಿಪಲ್ಯೆದಾಕಿ ತಕ್ಕಡೀನೂ
ಒಮ್ಮೆ ನೋಡ್ರಲಾ."

ಇದನ್ನ ಯಾವ ಸಾಲಿನಾಗ ಬರೀಲಿ?
ಸೀಟಿನಾಗ ಕೂತು ವಹಿ ತಗದೆ, ಮುಚ್ಚಿದೆ.
ಕೆಳಗ ಉಣಕಲ್ ಕೆರಿ ಒಂದ ಕಡೆ ವಾಲಿತು.
ಹಗ್ಗ ನೆನಪಾತು.
ಅರಿವಿ ಒಣಹಾಕಲಿಕ್ಕೆ ಸಾಕಾಗಬಹುದು.